ಬೆಟ್ಟಕ್ಕೆ ಯಾರ ಹೆಸರು?

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಈ ಬರಹವಂತೂ 2023ರಿಂದ ತಲೆಯಲ್ಲಿ ಕೂತಿದೆ. ಮೊನ್ನೆ ಅಪ್ಪ ಫೋನಿನಲ್ಲಿ "ಆ ಬೆಟ್ಟದ ವಿಷಯ ಬರೀತೀನಿ ಅಂದಿದ್ಯಲ್ಲೋ, ಬರೆದ್ಯಾ?" ಅಂತ ಕೇಳಿದ ಮೇಲೆ ಇನ್ನು ತಪ್ಪಿಸಿಕೊಳ್ಳೋ ಹಾಗಿಲ್ಲ ಅನ್ನಿಸಿ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಕಾಫಿ ಜೊತೆಗಿಟ್ಟುಕೊಂಡು ಓದಿ.

ನಾನಿರೋದು ಸಿಯಾಟಲ್ ಹತ್ತಿರ. ಇಲ್ಲಿ ವರ್ಷದಲ್ಲಿ ಮುಕ್ಕಾಲು ಪಾಲು ದಿನ ಮೋಡ. ಮೋಡ ಸರಿದ ದಿನ ದಕ್ಷಿಣದ ಕಡೆ, ಭೂಮಿಗೂ ಆಕಾಶಕ್ಕೂ ಸಂಬಂಧವೇ ಇಲ್ಲದ ಹಾಗೆ, ಒಂದು ದೊಡ್ಡ ಬಿಳಿ ಬೆಟ್ಟ ತೇಲುತ್ತಿರುತ್ತೆ. ಮೌಂಟ್ ರೇನಿಯರ್. 14,410 ಅಡಿ ಎತ್ತರ, ಮೈತುಂಬಾ ಹಿಮನದಿಗಳು, ಒಳಗೆ ಇನ್ನೂ ಸಾಯದ ಜ್ವಾಲಾಮುಖಿ. ಊರಿನವರು ಅದರ ಹೆಸರನ್ನೂ ಹೇಳೋಲ್ಲ. "ಇವತ್ತು ಬೆಟ್ಟ ಹೊರಗೆ ಬಂದಿದೆ" ಅಂತಾರೆ, ಅಷ್ಟೆ. ನಮ್ಮ ಕಾರುಗಳ ನಂಬರ್ ಪ್ಲೇಟಿನ ಮೇಲೂ ಅದರದೇ ಚಿತ್ರ.

2023ರ ಆಗಸ್ಟಿನಲ್ಲಿ ಅಪ್ಪ ಅಮ್ಮ ಬಂದಿದ್ದರು. ಅಪ್ಪ ಪಾಂಡವಪುರದ ಕಡೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಇತಿಹಾಸ ಪಾಠ ಮಾಡಿದವರು. ಎಲ್ಲಿಗೆ ಕರೆದುಕೊಂಡು ಹೋದರೂ ಅವರದು ಎರಡೇ ಪ್ರಶ್ನೆ: ಇದನ್ನು ಯಾರು ಕಟ್ಟಿಸಿದರು? ಈ ಹೆಸರು ಯಾಕೆ ಬಂತು? ಬೆಟ್ಟಕ್ಕೆ ಹೊರಟ ದಿನ ಹೆದ್ದಾರಿಯ ತಿರುವಿನಲ್ಲಿ ಅದು ಇದ್ದಕ್ಕಿದ್ದ ಹಾಗೆ ಎದುರಿಗೆ ನಿಂತಾಗ ಅಮ್ಮ ಕೈ ಮುಗಿದರು. ಅಪ್ಪ ಕನ್ನಡಕ ಒರೆಸಿಕೊಂಡು ಕೇಳಿದರು:

"ಯಾರಪ್ಪಾ ಈ ರೇನಿಯರ್ರು?"

ಹತ್ತು ವರ್ಷದಿಂದ ಆ ಬೆಟ್ಟ ನೋಡ್ತಿದ್ದೀನಿ, ಅದರ ಚಿತ್ರ ಹೊತ್ತ ಕಾರು ಓಡಿಸ್ತಿದ್ದೀನಿ. ನನಗೆ ಗೊತ್ತಿರಲಿಲ್ಲ.

"ಯಾರೋ ಇಂಗ್ಲೆಂಡಿನೋನು ಇರಬೇಕು" ಅಂದೆ. ಅಪ್ಪ 'ಹೂಂ' ಅಂದರು. ಹೋಂವರ್ಕ್ ಮಾಡದೆ ಬಂದ ಹುಡುಗರಿಗೆ ಅವರು ಅನ್ನುತ್ತಿದ್ದ 'ಹೂಂ' ಅದು.

*

ಮೊದಲು ಹೂವಿನ ವಿಷಯ ಹೇಳಿಬಿಡ್ತೀನಿ.

ಬೆಟ್ಟದ ದಕ್ಷಿಣದ ಮಗ್ಗುಲಲ್ಲಿ, 5,400 ಅಡಿ ಎತ್ತರದಲ್ಲಿ ಪ್ಯಾರಡೈಸ್ ಅಂತ ಒಂದು ಜಾಗ. 1885ರಲ್ಲಿ ಲಾಂಗ್‌ಮಯರ್ ಮನೆತನದ ಸೊಸೆ ಮಾರ್ಥಾ ಇಲ್ಲಿಯ ಹೂವಿನ ಬಯಲು ನೋಡಿ "ಇದು ಸ್ವರ್ಗ" ಅಂತ ಉದ್ಗಾರ ತೆಗೆದಳಂತೆ, ಅದೇ ಹೆಸರಾಯಿತಂತೆ. ಆದರೆ ಈ ಸ್ವರ್ಗ ವರ್ಷದಲ್ಲಿ ಎಂಟು ಒಂಬತ್ತು ತಿಂಗಳು ಹಿಮದಡಿಯಲ್ಲಿರುತ್ತೆ. 1971-72ರ ಚಳಿಗಾಲದಲ್ಲಿ ಇಲ್ಲಿ ಬಿದ್ದ ಹಿಮ 1,122 ಇಂಚು, ಅಂದರೆ ಇಪ್ಪತ್ತೆಂಟೂವರೆ ಮೀಟರ್! ಆಗ ಅದು ಜಗತ್ತಿನ ದಾಖಲೆ. 1998-99ರಲ್ಲಿ ಇದೇ ರಾಜ್ಯದ ಮೌಂಟ್ ಬೇಕರ್ ಅದನ್ನು ಮುರಿಯಿತು.

ಜುಲೈನಲ್ಲಿ ಹಿಮ ಕರಗೋಕೆ ಶುರು. ಪೂರ್ತಿ ಕರಗೋವರೆಗೂ ಕಾಯದೆ ಬಿಳಿ ಅವಲಾಂಚ್ ಲಿಲ್ಲಿ ಹಿಮದ ಅಂಚನ್ನೇ ಸೀಳಿಕೊಂಡು ಏಳುತ್ತೆ. ಅದರ ಹಿಂದೆಯೇ ನೀಲಿ ಲೂಪಿನ್, ಕೆಂಪು ಪೇಂಟ್‌ಬ್ರಷ್, ಬಿಳಿ ವಲೇರಿಯನ್, ಬಿಸ್ಟಾರ್ಟ್, ಗುಲಾಬಿ ಬಣ್ಣದ ಹೆದರ್, ಕೊನೆಗೆ ನೇರಳೆ ಆಸ್ಟರ್. ಎಲ್ಲಕ್ಕೂ ಸೇರಿ ಸಿಗೋದು ಆರೆಂಟು ವಾರ. ಅಷ್ಟರಲ್ಲಿ ಮೊಳೆಯಬೇಕು, ಅರಳಬೇಕು, ದುಂಬಿಯನ್ನು ಕರೆಯಬೇಕು, ಬೀಜ ಕಟ್ಟಬೇಕು. ಸೆಪ್ಟೆಂಬರ್ ಕೊನೆಗೆ ಮತ್ತೆ ಹಿಮ. ಅದಕ್ಕೇ ಒಂದರ ಮೇಲೊಂದು ಬಿದ್ದು ಹಾಗೆ ಅರಳೋದು. ಪರೀಕ್ಷೆಯ ಹಿಂದಿನ ರಾತ್ರಿ ಓದೋ ಹುಡುಗರ ಹಾಗೆ.

ನಾವು ಸ್ಕೈಲೈನ್ ಅನ್ನೋ ಕಾಲುದಾರಿ ಹಿಡಿದೆವು. ಪೂರ್ತಿ ಸುತ್ತು ಒಂಬತ್ತು ಕಿಲೋಮೀಟರ್ ಹತ್ತಿರ. ಅದು ಅಪ್ಪನಿಗಾಗದು, ಅರ್ಧಕ್ಕೆ ಹೋಗಿ ವಾಪಸ್ ಬರೋಣ ಅಂತ ಲೆಕ್ಕ. ಅಮ್ಮ ಮರ್ಟಲ್ ಜಲಪಾತದ ತನಕ ಬಂದು, "ನನಗಿಷ್ಟು ಸಾಕು, ನೀವು ಹೋಗ್ಬನ್ನಿ" ಅಂತ ನನ್ನ ಹೆಂಡತಿಯ ಜೊತೆ ಕೂತುಬಿಟ್ಟರು. ಅಪ್ಪ ಮಾತ್ರ ಕುಂತಿಬೆಟ್ಟ ಹತ್ತಿದ ಕಾಲು ಇದು ಅನ್ನೋ ಗತ್ತಿನಲ್ಲಿ ಹೊರಟರು. ನನ್ನ ಮಗಳು ಅವರ ಮುಂದೆ ಮುಂದೆ.

ಲೂಪಿನ್ ಹೂ ನೋಡಿ ಅಪ್ಪ ಬಗ್ಗಿದರು. "ಇದು ಅವರೆ ಜಾತಿ ಕಣೋ. ಹೂವು ನೋಡು, ಕಾಯಿ ನೋಡು" ಅಂದರು. ಮನೆಗೆ ಬಂದು ನೋಡಿದರೆ ನಿಜ, ಅದೇ ಕುಟುಂಬ. ಅವರೆಯ ಹಾಗೇ ಬೇರಿನಲ್ಲಿ ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತೆ. ಕೆಂಪು ಹೂವಿನ ಹೆಸರು 'ಇಂಡಿಯನ್ ಪೇಂಟ್‌ಬ್ರಷ್' ಅಂದೆ.

"ನಮ್ಮ ಕಡೆಯಿಂದ ಬಂದದ್ದಾ?"

"ಅಲ್ಲ ಅಪ್ಪಾ, ಕೊಲಂಬಸ್ಸನ ಇಂಡಿಯನ್."

"ಓ, ಅವನು ದಾರಿ ತಪ್ಪಿದ್ದು ಇನ್ನೂ ಸರಿಹೋಗಿಲ್ಲ ಅನ್ನು" ಅಂದು ನಕ್ಕರು. ಈ ಪೇಂಟ್‌ಬ್ರಷ್ ಅರ್ಧ ಬದನಿಕೆ. ತಾನೂ ಹಸಿರಾಗಿದ್ದುಕೊಂಡೇ ಪಕ್ಕದ ಗಿಡದ, ಎಷ್ಟೋ ಸಲ ಲೂಪಿನ್ನಿನದೇ, ಬೇರಿಗೆ ತನ್ನ ಬೇರು ಕಚ್ಚಿಸಿ ಹೀರುತ್ತೆ. ಅದನ್ನು ಹೇಳಿದ್ದಕ್ಕೆ ಅಪ್ಪ, "ಮೊದಲು ವ್ಯಾಪಾರಕ್ಕೆ ಅಂತ ಪಕ್ಕದಲ್ಲಿ ಜಾಗ ಕೇಳಿರುತ್ತೆ" ಅಂದರು.

ಇಲ್ಲೊಂದು ತಪ್ಪೊಪ್ಪಿಗೆ. ಮಗಳನ್ನೂ ಅಪ್ಪನನ್ನೂ ಬೆಟ್ಟದ ಜೊತೆ ಒಂದೇ ಚೌಕಟ್ಟಿಗೆ ತರಬೇಕು ಅಂತ ನಾನು ದಾರಿಬಿಟ್ಟು ಹೂವಿನೊಳಗೆ ಮೂರು ಹೆಜ್ಜೆ ಹಿಂದಕ್ಕೆ ಹೋದೆ. ದಾರಿ ಕಾಯೋ ಸ್ವಯಂಸೇವಕಿ, ಅಮ್ಮನ ವಯಸ್ಸಿನವರು, ಹತ್ತಿರ ಬಂದು ಮೆಲ್ಲಗೆ, "ನಿಮ್ಮ ಕಾಲಡಿ ನೋಡಿ" ಅಂದರು. ನೋಡಿದೆ. ನಾಲ್ಕು ಲೂಪಿನ್ ಮಲಗಿದ್ದವು. ಇಷ್ಟು ಚಿಕ್ಕ ಬೇಸಿಗೆಯಲ್ಲಿ ಮುರಿದದ್ದು ಮತ್ತೆ ಏಳೋಕೆ ವರ್ಷಗಟ್ಟಲೆ ಹಿಡಿಯುತ್ತೆ, ಹತ್ತು ಜನ ತುಳಿದರೆ ಅದೇ ದಾರಿಯಾಗುತ್ತೆ, ಮಳೆ ಬಂದರೆ ಆ ದಾರಿಯೇ ಕೊರಕಲಾಗುತ್ತೆ ಅಂತ ವಿವರಿಸಿದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಮಗಳು ದಿನವಿಡೀ "ಅಪ್ಪ ಹೂವು ತುಳಿದ" ಅಂತ ಎಲ್ಲರಿಗೂ ಹೇಳಿದಳು.

ಆದರೆ ಈ ಬಯಲನ್ನು ಮೊದಲು ತುಳಿದವನು ನಾನಲ್ಲ ಅನ್ನೋದು ಸಣ್ಣ ಸಮಾಧಾನ. 1917ರಲ್ಲಿ ಇಲ್ಲಿ ಪ್ಯಾರಡೈಸ್ ಇನ್ ಅನ್ನೋ ದೊಡ್ಡ ಮರದ ಹೋಟೆಲ್ ಎದ್ದಿತು, ಈಗಲೂ ಇದೆ. ಮುಂದೆ ಗುಡಾರಗಳು, ಕ್ಯಾಬಿನ್ನುಗಳು ಬಂದವು. 1931ರಲ್ಲಂತೂ ಈ ಹೂವಿನ ಇಳಿಜಾರಿನಲ್ಲಿ ಒಂಬತ್ತು ಗುಂಡಿಯ ಗಾಲ್ಫ್ ಮೈದಾನ ಮಾಡಿದರು! ಹಿಮ ಕರಗಿ ಆಡೋಕೆ ಆಗೋದೇ ಕೆಲವು ವಾರ, ಹಾಗಾಗಿ ಬೇಗನೆ ಮುಚ್ಚಿತು. ಆ ಗಾಯಗಳನ್ನೆಲ್ಲ ಈಗ ಒಂದೊಂದಾಗಿ ವಾಸಿ ಮಾಡ್ತಿದ್ದಾರೆ. ಇಲ್ಲಿಯದೇ ಬೀಜ ಆರಿಸಿ, ಗ್ರೀನ್‌ಹೌಸಿನಲ್ಲಿ ಸಸಿ ಮಾಡಿ, ಹೊತ್ತು ತಂದು ನೆಡೋದು. ಇನ್ನೊಂದು ಗಾಯ ಅಷ್ಟು ಸುಲಭಕ್ಕೆ ವಾಸಿಯಾಗೋದಲ್ಲ. 2015ರಲ್ಲಿ ಚಳಿಗಾಲ ಬಿಸಿಯಾಗಿ, ಇಲ್ಲಿ ಹಿಮ ವಾಡಿಕೆಗಿಂತ ಸುಮಾರು ಎರಡು ತಿಂಗಳು ಮುಂಚೆ ಕರಗಿಹೋಯಿತು. ಹೂವುಗಳೂ ಮುಂಚೆಯೇ ಬಂದವು. ಆದರೆ ಎಲ್ಲವೂ ಒಂದೇ ಲೆಕ್ಕದಲ್ಲಿ ಮುಂಚೆ ಬರಲಿಲ್ಲ, ಯಾವುದರ ಜೊತೆ ಯಾವುದು ಅರಳಬೇಕೋ ಆ ಜೋಡಿಗಳೇ ಕಲಸಿಹೋದವು.

*

ಎರಡು ಗಂಟೆ ನಿಧಾನಕ್ಕೆ ನಡೆದ ಮೇಲೆ ದಾರಿ ಪಕ್ಕ ಒಂದು ಕಲ್ಲಿನ ಆಸನ ಸಿಕ್ಕಿತು. 1921ರಲ್ಲಿ ಪರ್ವತಾರೋಹಿಗಳ ಸಂಘದವರು ಕಟ್ಟಿಸಿದ್ದು. 1870ರ ಆಗಸ್ಟ್ 17ರಂದು ಈ ಬೆಟ್ಟದ ತುದಿ ಮುಟ್ಟಿದ ಹ್ಯಾಝರ್ಡ್ ಸ್ಟೀವನ್ಸ್ ಮತ್ತು ವ್ಯಾನ್ ಟ್ರಂಪ್ ಅವರ ನೆನಪಿಗೆ. ದಾಖಲೆಯಲ್ಲಿರೋ ಮೊದಲ ಆರೋಹಣ ಅದು. ಅಪ್ಪ ಅದರ ಮೇಲೇ ಕೂತು ಪುಳಿಯೋಗರೆ ಡಬ್ಬಿ ಬಿಚ್ಚಿದರು. ಮಾರ್ಮೋಟ್ ಅನ್ನೋ ಬೆಕ್ಕಿಗಿಂತ ದೊಡ್ಡ ಅಳಿಲಿನಂಥ ಪ್ರಾಣಿಯೊಂದು ಬಂಡೆ ಮೇಲೆ ನಿಂತು ನಮ್ಮ ಡಬ್ಬಿಯನ್ನೇ ನೋಡುತ್ತಿತ್ತು. ಕೊಡೋ ಹಾಗಿಲ್ಲ ಅಂತ ಮಗಳು ತಾತನಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದಳು.

ಆಸನದ ಹತ್ತಿರದ ಜಲಪಾತಕ್ಕೆ ಸ್ಲೂಸ್ಕಿನ್ ಅಂತ ಹೆಸರು. ಸ್ಲೂಸ್ಕಿನ್ ಅಂದರೆ ಆ ಇಬ್ಬರಿಗೆ ದಾರಿ ತೋರಿಸಿ ಇಲ್ಲಿಯ ತನಕ ಕರೆತಂದ ಮೂಲನಿವಾಸಿ. ತುದಿಯಲ್ಲಿ ಬೆಂಕಿಯ ಕೆರೆ ಇದೆ, ಹೋದವರು ಉಳಿಯೋಲ್ಲ, ಹೋಗಬೇಡಿ ಅಂತ ಅವನು ಬೇಡಿಕೊಂಡ. ಕೇಳಲಿಲ್ಲ. ಮೂರು ದಿನ ಕಾಯ್ತೀನಿ, ಬರದಿದ್ದರೆ ನೀವು ಸತ್ತಿರಿ ಅಂತ ನಿಮ್ಮವರಿಗೆ ತಿಳಿಸ್ತೀನಿ ಅಂದ. ಅವರು ತುದಿ ಮುಟ್ಟೋ ಹೊತ್ತಿಗೆ ಕತ್ತಲಾಗಿ, ಹಿಮದ ನಡುವೆ ಹಬೆ ಬರುತ್ತಿದ್ದ ಗುಹೆಯೊಂದರಲ್ಲಿ ರಾತ್ರಿ ಕಳೆದರು. ಒಂದು ಕಡೆ ಸುಡೋ ಹಬೆ, ಇನ್ನೊಂದು ಕಡೆ ಕೊರೆಯೋ ಗಾಳಿ. ಸ್ಲೂಸ್ಕಿನ್ ಹೇಳಿದ ಬೆಂಕಿ ಸುಳ್ಳೇನಾಗಿರಲಿಲ್ಲ, ಆ ಬೆಂಕಿಯೇ ಅವರ ಜೀವ ಉಳಿಸಿತು. ಮಾರನೆಯ ದಿನ ಇಳಿದು ಬಂದವರನ್ನು ನೋಡಿ ಅವನು ಮೊದಲು ದೆವ್ವಗಳೆಂದೇ ತಿಳಿದನಂತೆ. ಇದೆಲ್ಲ ನಮಗೆ ಗೊತ್ತಿರೋದು ಸ್ಟೀವನ್ಸ್ ಬರೆದ ಲೇಖನದಿಂದ. ಸ್ಲೂಸ್ಕಿನ್ ತನ್ನ ಮನೆಗೆ ಹೋಗಿ ಏನು ಹೇಳಿದನೋ!

"ಸ್ಟೀವನ್ಸ್ ಯಾರ ಮಗ?" ಅಂದರು ಅಪ್ಪ. ಈ ಸಲ ನನಗೆ ಗೊತ್ತಿತ್ತು. ಸಿಯಾಟಲ್ಲಿನಲ್ಲಿ ಲೆಶೈ ಹೆಸರಿನ ಬಡಾವಣೆ ಇದೆ, ಅದರ ಕಥೆ ಒಮ್ಮೆ ಹುಡುಕಿ ಓದಿದ್ದೆ. ಹ್ಯಾಝರ್ಡನ ಅಪ್ಪ ಐಸಾಕ್ ಸ್ಟೀವನ್ಸ್, ಈ ಪ್ರಾಂತ್ಯದ ಮೊದಲ ಗವರ್ನರ್. 1854ರ ಡಿಸೆಂಬರ್ 26ರಂದು ಮೆಡಿಸಿನ್ ಕ್ರೀಕ್ ಅನ್ನೋ ತೊರೆಯ ದಡದಲ್ಲಿ ನಿಸ್ಕ್ವಾಲಿ, ಪ್ಯುಯಾಲಪ್ ಮುಂತಾದ ಬುಡಕಟ್ಟುಗಳ ಮುಖಂಡರಿಂದ ಒಪ್ಪಂದಕ್ಕೆ ಗುರುತು ಹಾಕಿಸಿಕೊಂಡು ಅವರ ನೆಲವನ್ನು ತೆಗೆದುಕೊಂಡವನು. ನಿಸ್ಕ್ವಾಲಿಗಳ ನಾಯಕ ಲೆಶೈ ಅದನ್ನು ವಿರೋಧಿಸಿದ. ಯುದ್ಧವಾಯಿತು. 1858ರ ಫೆಬ್ರವರಿ 19ರಂದು ಲೆಶೈಯನ್ನು ಕೊಲೆಯ ಆರೋಪದ ಮೇಲೆ ನೇಣಿಗೆ ಹಾಕಿದರು. 2004ರ ಡಿಸೆಂಬರಿನಲ್ಲಿ, ಅಂದರೆ ನೂರಾ ನಲವತ್ತಾರು ವರ್ಷದ ಮೇಲೆ, ಈ ರಾಜ್ಯದಲ್ಲಿ ಕೂತ ಒಂದು ವಿಶೇಷ ಐತಿಹಾಸಿಕ ನ್ಯಾಯಪೀಠ, ಅದು ಯುದ್ಧಕಾಲದ ಸಾವು, ಅವನ ಮೇಲೆ ಕೊಲೆ ಕೇಸು ಹಾಕಲೇಬಾರದಿತ್ತು ಅಂತ ಹೇಳಿ ಅವನನ್ನು ದೋಷಮುಕ್ತ ಮಾಡಿತು.

ಅಪ್ಪ ತಿನ್ನೋದು ನಿಲ್ಲಿಸಿ ಸುಮ್ಮನೆ ಕೂತರು. ಆಮೇಲೆ ಎದ್ದು ಆ ಕಲ್ಲಿನ ಆಸನದ ಮೇಲೆ ಬಿದ್ದಿದ್ದ ಅನ್ನದ ಅಗುಳನ್ನೆಲ್ಲ ಆರಿಸಿ ಡಬ್ಬಿಗೆ ಹಾಕಿಕೊಂಡರು.

"ಅಪ್ಪ ನೆಲ ತಗೊಂಡ, ಮಗ ಬೆಟ್ಟ ಹತ್ತಿದ. ಸರಿ. ರೇನಿಯರ್ ಏನು ಮಾಡ್ದ?"

*

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಹುಡುಕೋಕೆ ಕೂತೆ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಎರಡು ಗಂಟೆ ರಾತ್ರಿಯಾದರೂ ಏಳಲಿಲ್ಲ.

ಪೀಟರ್ ರೇನಿಯರ್, ಹುಟ್ಟಿದ್ದು 1741ರಲ್ಲಿ. ಬ್ರಿಟಿಷ್ ನೌಕಾಪಡೆಯವನು. ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಹ್ಯೂಗೆನಾಟ್ ಮನೆತನದ ಕುಡಿ. 1778ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತಿನಲ್ಲಿ, ಜಮೈಕದ ಹತ್ತಿರ ಅಮೆರಿಕನ್ನರ ಹಡಗೊಂದನ್ನು ಹೊಡೆದು ಹಿಡಿದವನು, ಅದರಲ್ಲಿ ಗಾಯಗೊಂಡವನು. ಅಂದರೆ ಅಮೆರಿಕದ ಇಷ್ಟು ದೊಡ್ಡ ಬೆಟ್ಟಕ್ಕೆ ಇರೋದು ಅಮೆರಿಕದ ವಿರುದ್ಧ ಕಾದಾಡಿದವನ ಹೆಸರು! 1792ರ ಮೇ ತಿಂಗಳಲ್ಲಿ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ ಈ ಕರಾವಳಿಯನ್ನು ಅಳೆಯುತ್ತಾ ಬಂದು, ಹಡಗಿನಿಂದಲೇ ದೂರದ ಬಿಳಿ ಬೆಟ್ಟ ನೋಡಿ, ತನ್ನ ಗೆಳೆಯನ ಹೆಸರಿಟ್ಟುಬಿಟ್ಟ. ಗೆಳೆಯ ಆ ಬೆಟ್ಟವನ್ನು ಯಾವತ್ತೂ ನೋಡಲಿಲ್ಲ.

ಇಲ್ಲಿಗೆ ಮುಗಿಸಿ ಮಲಗಬಹುದಿತ್ತು. ಆದರೆ ಮುಂದಿನ ಸಾಲು ಓದಿ ಎದ್ದು ಕೂತೆ.

1782-83ರಲ್ಲಿ ಈ ರೇನಿಯರ್ ನಮ್ಮ ಕಡಲಿನಲ್ಲಿದ್ದ. ಅಡ್ಮಿರಲ್ ಎಡ್ವರ್ಡ್ ಹ್ಯೂಸನ ಪಡೆಯಲ್ಲಿ 'ಬರ್ಫರ್ಡ್' ಅನ್ನೋ ಯುದ್ಧನೌಕೆಯ ಕ್ಯಾಪ್ಟನ್. ಹೈದರಾಲಿಯ ಸ್ನೇಹಕ್ಕೆ ಬಂದಿದ್ದ ಫ್ರೆಂಚ್ ಅಡ್ಮಿರಲ್ ಸಫ್ರೆನ್ ಜೊತೆ ಸದ್ರಾಸ್, ನಾಗಪಟ್ಟಣ, ಕಡಲೂರು ಅಂತ ಕಡಲಿನಲ್ಲಿ ಒಂದರ ಹಿಂದೊಂದು ಕಾಳಗವಾದದ್ದು ಆಗ. 1780ರ ಡಿಸೆಂಬರಿನಲ್ಲಿ ಮಂಗಳೂರಿನ ಬಂದರಿನಲ್ಲಿ ಹೈದರನ ಹಡಗುಗಳನ್ನು ಸುಟ್ಟು ಹಾಳುಮಾಡಿದ್ದು ಇದೇ ಹ್ಯೂಸನ ಪಡೆ.

1794ರಿಂದ 1805ರ ತನಕ ರೇನಿಯರ್ ಪೂರ್ವದ ಕಡಲುಗಳಲ್ಲಿದ್ದ ಬ್ರಿಟಿಷ್ ನೌಕಾಪಡೆಗೇ ದಂಡನಾಯಕ. 1795ರಲ್ಲಿ ಡಚ್ಚರಿಂದ ಟ್ರಿಂಕೋಮಲಿ ಕಿತ್ತುಕೊಂಡ. 1796ರಲ್ಲಿ ಅಂಬೋಯ್ನ, ಬಂಡಾ ದ್ವೀಪಗಳನ್ನು, ಅಂದರೆ ಲವಂಗ ಜಾಯಿಕಾಯಿಯ ಕಣಜಗಳನ್ನೇ ಹಿಡಿದ. 1798ರಲ್ಲಿ ಟಿಪ್ಪು ಮಾರಿಷಸ್ಸಿನ ಫ್ರೆಂಚರಿಗೆ ದೂತರನ್ನು ಕಳಿಸಿ ಸೈನ್ಯ ಕೇಳಿದ್ದು, ಕೊನೆಗೆ ನೂರು ಜನರಷ್ಟೇ ಮಂಗಳೂರಿನಲ್ಲಿ ಬಂದಿಳಿದದ್ದು ನಿಮಗೆ ಗೊತ್ತಿರಬಹುದು. ಅದೇ ವರ್ಷ ನೆಪೋಲಿಯನ್ ಈಜಿಪ್ಟಿಗೆ ಬಂದ. ಅಲ್ಲಿಂದ ಕಡಲು ದಾಟಿ ಟಿಪ್ಪುವಿಗೆ ಸಹಾಯ ಬಂದುಬಿಟ್ಟರೆ ಅನ್ನೋ ಹೆದರಿಕೆ ಕಂಪನಿಗೆ. ಆ ಕಡಲಿಗೆ ಬೀಗ ಹಾಕಿ ಕೂತ ಪಡೆಯ ಯಜಮಾನ ಇವನೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ನಾನು ಹುಟ್ಟಿ ಬೆಳೆದ ಮನೆಯಿಂದ ಆ ಕೋಟೆಗೆ ಅರ್ಧ ಗಂಟೆ ದಾರಿ. ಹತ್ತು ವರ್ಷದಿಂದ ದಿನಾ ಕಿಟಕಿಯಲ್ಲಿ ಕಾಣೋ ಬೆಟ್ಟ, ಆ ಕೋಟೆ ಬಿದ್ದಾಗ ಕಡಲು ಕಾಯುತ್ತಿದ್ದವನ ಹೆಸರು ಹೊತ್ತುಕೊಂಡಿತ್ತು!

*

ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಕಾಫಿ ಲೋಟ ಕೈಯಲ್ಲೇ ಇತ್ತು, ಕುಡಿಯೋದು ಮರೆತರು.

"ಬೆಟ್ಟಕ್ಕೆ ಹೆಸರಿಟ್ಟದ್ದು ಯಾವಾಗ ಅಂದೆ?"

"1792 ಮೇ."

"ಮಾರ್ಚ್ 18ಕ್ಕೆ ಶ್ರೀರಂಗಪಟ್ಟಣದ ಒಪ್ಪಂದ. ಅರ್ಧ ರಾಜ್ಯ ಹೋಯ್ತು, ಎರಡು ಮಕ್ಕಳು ಒತ್ತೆ ಹೋದವು. ಎರಡು ತಿಂಗಳೂ ಆಗಿಲ್ಲ ನೋಡು" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಮೂವತ್ತು ವರ್ಷ ನಾಲ್ಕನೇ ಮೈಸೂರು ಯುದ್ಧ ಪಾಠ ಮಾಡಿದೆ. ಹ್ಯಾರಿಸ್, ಬೇರ್ಡ್, ವೆಲ್ಲೆಸ್ಲಿ, ಮೀರ್ ಸಾದಿಕ್... ಒಂದು ದಿನಾನೂ ಕಡಲಿನ ಸುದ್ದಿ ಹೇಳಲಿಲ್ಲ ಕಣೋ. ಪಠ್ಯದಲ್ಲಿ ಇರಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ" ಅಂದರು.

ಅವರ ದನಿಯಲ್ಲಿ ಬೇಜಾರಿತ್ತು. ಅದು ರೇನಿಯರ್ ಮೇಲಿನದಲ್ಲ, ತಮ್ಮ ಮೇಲಿನದೇ ಅನ್ನಿಸಿತು.

ಟಿಪ್ಪು ಅಂದರೆ ನಮ್ಮಲ್ಲಿ ಮನೆಗೊಂದು ಅಭಿಪ್ರಾಯ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆಗಳಲ್ಲಿ ಅವನ ಕಾಲದ ಕೊಲೆಗಳನ್ನು ನೆನೆದು ನರಕ ಚತುರ್ದಶಿಯನ್ನೇ ಆಚರಿಸೋಲ್ಲ. 2022ರ ಅಕ್ಟೋಬರಿನಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಹೋಗಿ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಆ ಜಗಳ ಇಲ್ಲಿ ಎಳೆಯೋದು ಬೇಡ. ನನ್ನ ತಲೆ ತಿಂದದ್ದು ಬೇರೆ ವಿಷಯ: ನಾವು ಹೆಸರುಗಳನ್ನು ಎಷ್ಟು ಸುಲಭವಾಗಿ ಹೊತ್ತು ತಿರುಗ್ತೀವಿ!

ನಮ್ಮೂರನ್ನೇ ತಗೊಳ್ಳಿ. ಪಾಂಡವಪುರ ಅಂತ ಈಗಿನ ಹೆಸರು. ಪಾಂಡವರು ಕುಂತಿಯ ಜೊತೆ ಇಲ್ಲಿಯ ಬೆಟ್ಟದಲ್ಲಿ ಇದ್ದರು ಅನ್ನೋ ಕಥೆಯಿಂದ ಬಂದದ್ದು. ಬ್ರಿಟಿಷರ ನಕ್ಷೆ, ಗೆಜೆಟಿಯರುಗಳಲ್ಲಿ ನೋಡಿದರೆ 'ಫ್ರೆಂಚ್ ರಾಕ್ಸ್'. ಹೈದರ್ ಟಿಪ್ಪುವಿನ ಕೈಕೆಳಗಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಬಂಡೆಗಳು ಅಂತ. ರೇನಿಯರ್ ಕಡಲಿನಲ್ಲಿ ತಡೆಯೋಕೆ ನಿಂತದ್ದು ಯಾರನ್ನೋ, ಅವರದೇ ಹೆಸರು ನಮ್ಮೂರಿಗಿತ್ತು! ಇವೆರಡಕ್ಕೂ ಮುಂಚೆ ಅದು ಹಿರೋಡೆ. ನನ್ನ ಅಜ್ಜಿ ಸಾಯೋವರೆಗೂ ಹಿರೋಡೆ ಅಂತಲೇ ಅನ್ನುತ್ತಿದ್ದರು. ಬಸ್ಸಿನ ಕಂಡಕ್ಟರಿಗೂ "ಹಿರೋಡೆಗೆ ಒಂದು ಕೊಡಪ್ಪಾ" ಅಂತ. ಚಿಕ್ಕವನಾಗಿದ್ದಾಗ ನನಗೆ ನಾಚಿಕೆ, "ಅಜ್ಜೀ, ಪಾಂಡವಪುರ ಅನ್ನು" ಅಂತ ಸೆರಗು ಜಗ್ಗುತ್ತಿದ್ದೆ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯ ಕಾವೇರಿಗೆ ಕಟ್ಟಿಸಿದ ಕಲ್ಲಿನ ಸೇತುವೆಗೆ ಇವತ್ತಿಗೂ ವೆಲ್ಲೆಸ್ಲಿ ಸೇತುವೆ ಅಂತಲೇ ಹೆಸರು. ಅದರ ಮೇಲೆ ಸೈಕಲ್ ಹೊಡೆದಿದ್ದೀನಿ, ವೆಲ್ಲೆಸ್ಲಿ ಯಾರು ಅಂತ ಯೋಚಿಸಿದ ನೆನಪಿಲ್ಲ.

*

ಹಾಗಾದರೆ ಈ ಬೆಟ್ಟದ ಹಿರೋಡೆ ಯಾವುದು?

ಸುತ್ತಲಿನ ಬುಡಕಟ್ಟುಗಳ ಭಾಷೆಗಳಲ್ಲಿ ಅದಕ್ಕೆ ಒಂದಲ್ಲ ಹಲವು ಹೆಸರು, ಹೆಚ್ಚುಕಡಿಮೆ ಟಕೋಮ, ತಾಹೋಮ ಅಂತ ಕೇಳಿಸೋವು. ಹಿಮದ ಬೆಟ್ಟ ಅನ್ನೋರಿದ್ದಾರೆ, ನೀರಿನ ತಾಯಿ ಅನ್ನೋರಿದ್ದಾರೆ. ಎರಡನೆಯದು ನನಗಿಷ್ಟ. ನಿಸ್ಕ್ವಾಲಿ, ಪ್ಯುಯಾಲಪ್, ಕೌಲಿಟ್ಸ್, ವೈಟ್ ಹೀಗೆ ಎಷ್ಟೋ ನದಿಗಳು ಅದರ ಹಿಮದಿಂದಲೇ ಹುಟ್ಟೋದು. ಆ ಜನ ಆಗಸ್ಟ್ ಸೆಪ್ಟೆಂಬರಿನಲ್ಲಿ ಹಕಲ್‌ಬೆರಿ ಹಣ್ಣು ಕೊಯ್ಯೋಕೆ ಸಂಸಾರ ಸಮೇತ ಈ ಹೂವಿನ ಬಯಲಿಗೆ ಬರುತ್ತಿದ್ದರು. ಕಾಡು ಮೇಲೇರದಂತೆ, ಹಣ್ಣಿನ ಪೊದೆ ಚಿಗುರುವಂತೆ ಅಲ್ಲಲ್ಲಿ ಬೆಂಕಿ ಕೊಡುತ್ತಿದ್ದರು. 'ಯಾರೂ ಮುಟ್ಟದ ಸ್ವರ್ಗ' ಅಂತ ನಾವು ಬಾಯಿ ಬಿಡೋ ಬಯಲಿನಲ್ಲಿ ಅವರ ಕೈಯ ಆರೈಕೆಯೂ ಸೇರಿದೆ.

ಹೆಸರಿನ ಜಗಳವೂ ಹಳೆಯದೇ. ಸ್ಟೀವನ್ಸ್ ಕೂಡ ತನ್ನ ಲೇಖನದಲ್ಲಿ ಬರೆದದ್ದು ಟಕೋಮ ಅಂತಲೇ. ಆದರೆ ಟಕೋಮ ಅನ್ನೋ ಊರು ಬೆಳೆದು ಬೆಟ್ಟ ನಮ್ಮದು ಅಂದಿತು. ಸಿಯಾಟಲ್ಲಿನವರು ಬಿಡ್ತಾರಾ? ರೇನಿಯರ್ರೇ ಇರಲಿ ಅಂತ ಪಟ್ಟು ಹಿಡಿದರು. 1890ರಲ್ಲಿ ಸರ್ಕಾರದ ಭೌಗೋಳಿಕ ಹೆಸರುಗಳ ಮಂಡಳಿ ರೇನಿಯರ್ ಅಂತ ತೀರ್ಪು ಕೊಟ್ಟಿತು. 1917ರಲ್ಲಿ ಮತ್ತೆ ವಿಚಾರಣೆಯಾಗಿ ಮತ್ತೆ ಅದೇ ತೀರ್ಪು. ಎರಡು ಊರುಗಳ ವ್ಯಾಪಾರದ ಜಿದ್ದಿನಲ್ಲಿ, ನಿಜಕ್ಕೂ ಆ ಹೆಸರು ಕೂಗುತ್ತಿದ್ದವರನ್ನು ಕೇಳಿದವರು ಕಡಿಮೆ. ಈಗ ಪ್ಯುಯಾಲಪ್ ಬುಡಕಟ್ಟಿನವರೇ ಹಳೆಯ ಹೆಸರು ವಾಪಸ್ ಕೊಡಿ ಅಂತ ಕೇಳುತ್ತಿದ್ದಾರೆ.

ಇನ್ನೊಂದು ತಮಾಷೆ ಕೇಳಿ. 1899ರ ಮಾರ್ಚ್ 2ರಂದು ಈ ಬೆಟ್ಟವನ್ನು ದೇಶದ ಐದನೆಯ ರಾಷ್ಟ್ರೀಯ ಉದ್ಯಾನ ಮಾಡೋ ಕಾಯಿದೆಗೆ ಸಹಿ ಹಾಕಿದವರು ಅಧ್ಯಕ್ಷ ಮೆಕಿನ್ಲಿ. ಅವರ ಹೆಸರನ್ನು ಅಲಾಸ್ಕದ ದೊಡ್ಡ ಬೆಟ್ಟಕ್ಕಿಟ್ಟಿದ್ದರು, ಅವರೂ ಅದನ್ನು ನೋಡಲಿಲ್ಲ. 2015ರಲ್ಲಿ ಅದಕ್ಕೆ ಡೆನಾಲಿ ಅನ್ನೋ ಮೂಲ ಹೆಸರು ಸರ್ಕಾರಿಯಾಗಿ ವಾಪಸ್ ಬಂತು. 2025ರ ಜನವರಿಯಲ್ಲಿ ಮತ್ತೆ ಮೆಕಿನ್ಲಿ ಮಾಡಿದರು. ಬೆಟ್ಟಕ್ಕೆ ಇದೆಲ್ಲ ತಿಳಿದಿದ್ದರೆ ನಗುತ್ತಿತ್ತೋ ಏನೋ.

ಅಪ್ಪನನ್ನು ಕೇಳಿದೆ, ಹೆಸರು ಬದಲಾಯಿಸಬೇಕು ಅಂತೀರಾ? ಮೇಷ್ಟ್ರು ಬೇಗ ಉತ್ತರ ಹೇಳಲಿಲ್ಲ.

"ಅದು ಆ ಜನ ಹೇಳಬೇಕಾದ ಮಾತು, ನಾನಲ್ಲ. ಆದ್ರೆ ಒಂದು. ಹೆಸರು ಅಳಿಸಿ ಸುಮ್ಮನಾದ್ರೆ ಮಕ್ಕಳಿಗೆ ರೇನಿಯರ್ ಯಾರು ಅಂತ್ಲೂ ಗೊತ್ತಾಗಲ್ಲ, ಲೆಶೈ ಯಾರು ಅಂತ್ಲೂ ಗೊತ್ತಾಗಲ್ಲ. ಬದಲಾಯಿಸಿದ್ರೆ ಯಾಕೆ ಬದಲಾಯಿಸಿದ್ವಿ ಅಂತ ಹೇಳಿಕೊಡಬೇಕು. ನಮ್ಮೂರಿನ ಹೆಸರು ಬದಲಾಯ್ತು, ಫ್ರೆಂಚ್ ರಾಕ್ಸ್ ಅಂತ ಇತ್ತು ಅನ್ನೋದು ನಿನ್ನ ಮಗಳಿಗೆ ಗೊತ್ತಾ?"

ಗೊತ್ತಿರಲಿಲ್ಲ. ಹಿರೋಡೆಯಂತೂ ಇಲ್ಲವೇ ಇಲ್ಲ. ಅವತ್ತು ಸಂಜೆ ಹೇಳಿದೆ. ಅಜ್ಜಿ ಕಂಡಕ್ಟರ್ ಹತ್ತಿರ ಟಿಕೆಟ್ ಕೇಳುತ್ತಿದ್ದದ್ದು, ನಾನು ಸೆರಗು ಜಗ್ಗುತ್ತಿದ್ದದ್ದು ಎಲ್ಲಾ. ಮಗಳು ಕೇಳಿಸಿಕೊಂಡು, "ಅಪ್ಪಾ, ಮುತ್ತಜ್ಜಿ ಸರಿಯಾಗೇ ಹೇಳ್ತಿದ್ರಲ್ಲ, ನೀನು ಯಾಕೆ ಜಗ್ಗಿದೆ?" ಅಂದಳು. ಹೂವು ತುಳಿದದ್ದರ ಜೊತೆಗೆ ಇದೂ ನನ್ನ ಖಾತೆಗೆ ಬಿತ್ತು.

ಅಪ್ಪ ಅಮ್ಮ ಊರಿಗೆ ಹೋಗಿ ಎರಡು ವರ್ಷದ ಮೇಲಾಯಿತು. ಅಪ್ಪನಿಗೆ ಈಗ ಮಂಡಿ ನೋವು, ಕುಂತಿಬೆಟ್ಟ ಕೂಡ ಕೆಳಗಿನಿಂದಲೇ ನೋಡೋದು. ಆದರೆ ಫೋನ್ ಮಾಡಿದಾಗಲೆಲ್ಲ ಕೊನೆಗೆ ಒಂದು ಪ್ರಶ್ನೆ ತಪ್ಪದೆ ಬರುತ್ತೆ:

"ನಿಮ್ಮ ಟಕೋಮ ಹೆಂಗಿದೆ? ಅವರೆ ಜಾತಿ ಹೂವು ಬಿಟ್ಟವಾ?"

ನಿಮ್ಮ ಊರಿಗೂ ಹೀಗೆ ಯಾರೂ ಕರೆಯದ ಹಳೆಯ ಹೆಸರೊಂದು ಇದ್ದರೆ ಬರೆದು ತಿಳಿಸಿ. ಅಜ್ಜಿಯರು ಇದ್ದರೆ ಇವತ್ತೇ ಕೇಳಿ. ನಾನು ತಡ ಮಾಡಿದೆ.